ಪಾಲಿಸಿ ಇವರದು, ಪಟ್ಟಿ ಅವರ ಹತ್ತಿರ

ಪ್ರಶ್ನೆ: ನನ್ನ ಮಗಳು ಓದೋದಕ್ಕೆ ಜರ್ಮನಿಗೆ ಹೋಗಿದ್ದಾಳೆ. ನಾಜಿಗಳ ಕಾಲದಲ್ಲಿ ಸತ್ತ ಯಹೂದಿಗಳ ಜೀವವಿಮೆ ದುಡ್ಡು ಎಷ್ಟೋ ಮನೆಗಳಿಗೆ ಕೊನೆಗೂ ಬರಲೇ ಇಲ್ಲ ಅಂತ ಅಲ್ಲಿ ಯಾರೋ ಹೇಳಿದರಂತೆ. ಆ ಕಂಪನಿಗಳಲ್ಲಿ ಒಂದರ ಹೆಸರು ನಮ್ಮ ಕಾರಿನ ವಿಮೆ ಕಾಗದದ ಮೇಲೂ ಇತ್ತು, ನೋಡಿ ಒಂಥರಾ ಆಯಿತು. ಇದು ನಿಜವಾ? ಸರ್ಕಾರಗಳು ಏನು ಮಾಡುತ್ತಿದ್ದವು? ವಿಮೆಗೆ ಅಂತಲೇ ನಿಯಂತ್ರಕರು ಇರ್ತಾರಲ್ಲ, ಅವರು ಕೇಳಲಿಲ್ಲವಾ? — ಒಬ್ಬ ಓದುಗರು, ಹಾಸನ

ಉತ್ತರ: ನಿಜ. ನಿಯಂತ್ರಕರು ಕೇಳಿದರು. ಆದರೆ ಕೇಳುವ ಹೊತ್ತಿಗೆ ಐವತ್ತು ವರ್ಷ ಕಳೆದಿತ್ತು. ಸ್ವಲ್ಪ ದುಡ್ಡು ಬಂತು, ಬಹಳಷ್ಟು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. "ಕಂಪನಿಗಳು ಮೋಸ ಮಾಡಿದವು" ಅಂದುಬಿಟ್ಟರೆ ಅರ್ಧ ಕತೆ ಮಾತ್ರ ಹೇಳಿದ ಹಾಗೆ.

ಮೊದಲು ನನ್ನ ಕೆಲಸದ ಒಂದು ನೆನಪು. ನಾನು ಇಪ್ಪತ್ತೆಂಟು ವರ್ಷ ಜೀವವಿಮೆಯ ಕ್ಲೇಮು ವಿಭಾಗದಲ್ಲಿ ಕೂತವನು. ಒಮ್ಮೆ ಒಬ್ಬ ಹೆಣ್ಣುಮಗಳು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದ ಪ್ರೀಮಿಯಂ ರಸೀದಿಗಳನ್ನೆಲ್ಲ ಸೀರೆ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದಳು. ಗಂಡ ಕೆಲಸಕ್ಕೆ ಅಂತ ದೂರದ ಊರಿಗೆ ಹೋದವನು ವಾಪಸ್ ಬರಲಿಲ್ಲ. ಹೆಣ ಸಿಗಲಿಲ್ಲ. ನಮ್ಮ ಕಾನೂನಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಮಾತ್ರ ಸತ್ತಿದ್ದಾನೆ ಅಂತ ಭಾವಿಸಬಹುದು. ಅಲ್ಲಿವರೆಗೆ ಕಂತು ಕಟ್ಟುತ್ತಲೇ ಇರಬೇಕು, ಇಲ್ಲದಿದ್ದರೆ ಪಾಲಿಸಿ ಲ್ಯಾಪ್ಸ್. ಇದನ್ನು ಅವಳಿಗೆ ಹೇಳಿದಾಗ ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. "ಕಟ್ಟೋನೇ ಇಲ್ವಲ್ಲ ಸ್ವಾಮಿ" ಅಂದಳು. ನಿಯಮ ಹೇಳಿದ್ದು ನಾನು, ಮಾತು ಸರಿಯಾಗಿದ್ದದ್ದು ಅವಳದು.

ಈಗ ಆ ಹೆಣ್ಣುಮಗಳ ಜಾಗದಲ್ಲಿ ಒಂದು ಇಡೀ ಜನಾಂಗವನ್ನು ಇಟ್ಟುನೋಡಿ. ಆಶ್‌ವಿಟ್ಸ್ ಅನ್ನುವ ನಾಜಿಗಳ ಕೊಲೆ ಶಿಬಿರದಲ್ಲಿ ಗ್ಯಾಸ್ ಕೋಣೆಗೆ ನೇರವಾಗಿ ಕಳಿಸಿದವರ ಹೆಸರಿನಲ್ಲಿ ಯಾರೂ ಮರಣ ಪತ್ರ ಬರೆದುಕೊಡಲಿಲ್ಲ. ಘೆಟ್ಟೋದಲ್ಲಿ, ಅಂದರೆ ಯಹೂದಿಗಳಿಗೆ ಅಂತಲೇ ಬೇರೆ ಮಾಡಿದ ಕೇರಿಯಲ್ಲಿ, ಕೂಡಿಹಾಕಿದವನು ತಿಂಗಳ ಕಂತು ಎಲ್ಲಿ ಕಟ್ಟುತ್ತಾನೆ? ಪಾಲಿಸಿ ಕಾಗದ ಮನೆಯಲ್ಲಿತ್ತು, ಮನೆ ಬೇರೆಯವರ ಪಾಲಾಗಿತ್ತು. ಯುದ್ಧ ಮುಗಿದ ಮೇಲೆ ಬದುಕುಳಿದ ಒಬ್ಬ ಮಗ, ಒಬ್ಬ ತಂಗಿ ಕಂಪನಿಯ ಬಾಗಿಲಿಗೆ ಹೋದಾಗ ಕೇಳಿದ್ದು ಮೂರೇ ಮಾತು: ಮರಣ ಪತ್ರ ಎಲ್ಲಿ, ಪಾಲಿಸಿ ಎಲ್ಲಿ, ಕೊನೆ ಕಂತು ಕಟ್ಟಿದ ರಸೀದಿ ಎಲ್ಲಿ. ಎಷ್ಟೋ ಜನರಿಗೆ ಹೀಗೇ ಆಯಿತು. ಕ್ಲೇಮು ವಿಭಾಗದಲ್ಲಿ ಕೂತವನಿಗೆ ಈ ಮೂರು ಪ್ರಶ್ನೆಗಳು ನಾಲಿಗೆ ತುದಿಯಲ್ಲೇ ಇರುತ್ತವೆ. ಅದಕ್ಕೇ ಈ ಕತೆ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಷ್ಟೊಂದು ಜನ ವಿಮೆ ಮಾಡಿಸಿದ್ದರಾ ಅಂತ ನಿಮಗೆ ಅನ್ನಿಸಬಹುದು. ಮಾಡಿಸಿದ್ದರು. ಎರಡು ಯುದ್ಧಗಳ ನಡುವಿನ ಮಧ್ಯ ಯುರೋಪಿನಲ್ಲಿ ಜೀವವಿಮೆ ಅಂದರೆ ನಡುವರ್ಗದವರ ಉಳಿತಾಯ. ದೊಡ್ಡ ಶ್ರೀಮಂತರಿಗೆ ಸ್ವಿಸ್ ಬ್ಯಾಂಕ್, ದರ್ಜಿಗೆ, ಮೇಷ್ಟ್ರಿಗೆ, ಅಂಗಡಿಯವನಿಗೆ ವಿಮೆ. ಮಗಳ ವರದಕ್ಷಿಣೆಗೆ ಅಂತಲೇ ಪಾಲಿಸಿಗಳಿದ್ದವು, ನಮ್ಮಲ್ಲಿ ಮಗಳ ಮದುವೆಗೆ ಅಂತ ಎಲ್‌ಐಸಿ ಮಾಡಿಸೋ ಹಾಗೇ. ಏಜೆಂಟ್ ಮನೆಗೇ ಬಂದು ಕಂತು ಇಸಕೊಂಡು ಹೋಗುತ್ತಿದ್ದ. ಟ್ರಿಯೆಸ್ಟೆ ಊರಿನಲ್ಲಿ 1831ರಲ್ಲಿ ಹುಟ್ಟಿದ ಜನರಾಲಿ ಕಂಪನಿ ಪೂರ್ವ ಯುರೋಪಿನ ಯಹೂದಿಗಳ ನಡುವೆ ತುಂಬಾ ಹೆಸರು ಮಾಡಿತ್ತು. ಜರ್ಮನಿಯಲ್ಲಿ ಅಲಿಯಾನ್ಸ್ ದೊಡ್ಡಣ್ಣ.

ನಿಮ್ಮ ಕಾರಿನ ಕಾಗದದ ವಿಷಯ ಇಲ್ಲೇ ಹೇಳಿಬಿಡ್ತೀನಿ. 1999ರ ಕಾಯ್ದೆಯಿಂದ ನಮ್ಮ ವಿಮಾ ಕ್ಷೇತ್ರ ಖಾಸಗಿಯವರಿಗೆ ತೆರೆದಾಗ ವಿದೇಶಿ ಕಂಪನಿಗಳು ಇಲ್ಲಿಯವರ ಜೊತೆ ಕೈಜೋಡಿಸಿ ಬಂದವು. ಬಜಾಜ್ ಜೊತೆ ಅಲಿಯಾನ್ಸ್, ಭಾರ್ತಿ ಜೊತೆ ಆಕ್ಸಾ, ಫ್ಯೂಚರ್ ಜೊತೆ ಜನರಾಲಿ. ಈ ಇಲ್ಲಿಯ ಕಂಪನಿಗಳಿಗೂ ಆ ಹಳೆ ಪಾಲಿಸಿಗಳಿಗೂ ಸಂಬಂಧ ಇಲ್ಲ. ಹೆಸರು ಮಾತ್ರ ಅದೇ ಇತ್ತು. ಹೆಸರು ಎಷ್ಟು ದೂರ ಹಿಂಬಾಲಿಸುತ್ತೆ ಅನ್ನೋದಕ್ಕೆ ಒಂದು ಉದಾಹರಣೆ: 2008ರಲ್ಲಿ ನ್ಯೂಯಾರ್ಕಿನ ಎರಡು ಫುಟ್‌ಬಾಲ್ ತಂಡಗಳ ಹೊಸ ಸ್ಟೇಡಿಯಂಗೆ ಅಲಿಯಾನ್ಸ್ ಹೆಸರಿಡುವ ಮಾತುಕತೆ ನಡೆದಿತ್ತು. ಬದುಕುಳಿದವರು ಮತ್ತು ಯಹೂದಿ ಸಂಘಟನೆಗಳು ಎದ್ದುನಿಂತವು. ಮಾತುಕತೆ ಅಲ್ಲಿಗೇ ಮುರಿಯಿತು.

ಈಗ 1938ಕ್ಕೆ ಹೋಗೋಣ. ನವೆಂಬರ್ 9ರ ರಾತ್ರಿ ಜರ್ಮನಿ ಮತ್ತು ಆಸ್ಟ್ರಿಯಾದ ತುಂಬಾ ಯಹೂದಿಗಳ ಅಂಗಡಿಗಳನ್ನು ಒಡೆದರು, ಅವರ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟರು. ಬೀದಿ ತುಂಬಾ ಗಾಜು. ಆ ಅಂಗಡಿಗಳಿಗೆ ವಿಮೆ ಇತ್ತು. ಮೂರು ದಿನ ಕಳೆದ ಮೇಲೆ, ನವೆಂಬರ್ 12ರಂದು, ಹಿಟ್ಲರನ ಬಲಗೈಯಾಗಿದ್ದ ಮಂತ್ರಿ ಗೋರಿಂಗ್ ಬರ್ಲಿನ್‌ನಲ್ಲಿ ಒಂದು ಸಭೆ ಕರೆದ. ವಿಮಾ ಕಂಪನಿಗಳ ಪರವಾಗಿ ಎಡ್ವರ್ಡ್ ಹಿಲ್ಗಾರ್ಡ್ ಅನ್ನುವವನನ್ನು ಕರೆಸಿದರು. ಇವನು ಅಲಿಯಾನ್ಸ್‌ನ ಆಡಳಿತ ಮಂಡಳಿಯವನು. ಸಭೆಯ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದರು. ಅದರ ದೊಡ್ಡ ಭಾಗ ಉಳಿದುಕೊಂಡಿದೆ.

ಓದಿದರೆ ಯಾವುದೋ ಕಂಪನಿಯ ಕ್ಲೇಮು ಮೀಟಿಂಗ್ ತರಾನೇ ಇದೆ. ಗಾಜಿನ ನಷ್ಟ ಎಷ್ಟು? ಸುಮಾರು 60 ಲಕ್ಷ ಮಾರ್ಕ್ ಅಂತ ಹಿಲ್ಗಾರ್ಡ್ ಹೇಳುತ್ತಾನೆ. ಆ ಗಾಜು ಬೆಲ್ಜಿಯಂನಿಂದ ತರಿಸಬೇಕು, ಅದಕ್ಕೆ ವಿದೇಶಿ ಹಣ ಬೇಕು. ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ: ಕಿಟಕಿ ಗಾಜಿಗೆ ವಿಮೆ ಮಾಡಿಸಿದವರು ಬಹುಪಾಲು ಕಟ್ಟಡದ ಮಾಲೀಕರು, ಅವರಲ್ಲಿ ಹೆಚ್ಚಿನವರು ಯಹೂದಿಗಳೇ ಅಲ್ಲ! ಉಂಟರ್ ಡೆನ್ ಲಿಂಡೆನ್ ಬೀದಿಯ ಮಾರ್ಗ್ರಾಫ್ ಅನ್ನೋ ಒಡವೆ ಅಂಗಡಿಯೊಂದರದೇ 17 ಲಕ್ಷ ಮಾರ್ಕ್ ಕ್ಲೇಮು, ಒಂದು ಉಂಗುರವನ್ನೂ ಬಿಡದೆ ದೋಚಿದ್ದರು. ಗೋರಿಂಗ್ ತಕ್ಷಣ ಪೊಲೀಸ್ ಅಧಿಕಾರಿಗಳ ಕಡೆ ತಿರುಗಿ ಆ ಒಡವೆ ಹುಡುಕಿಸಿ ಅನ್ನುತ್ತಾನೆ. ಅವನಿಗೆ ಸಿಟ್ಟು ಬಂದಿದ್ದು ಜನ ಸತ್ತದ್ದಕ್ಕಲ್ಲ, ಸಾಮಾನು ಹಾಳಾದದ್ದಕ್ಕೆ.

ಹಿಲ್ಗಾರ್ಡ್‌ನ ಚಿಂತೆ ಬೇರೆ. ಕೊಡಬೇಕಾದ ಕ್ಲೇಮು ಕೊಡದೇ ಹೋದರೆ ಹೊರದೇಶಗಳಲ್ಲಿ ಜರ್ಮನ್ ವಿಮೆಯ ಮಾನ ಹೋಗುತ್ತೆ, ವ್ಯಾಪಾರ ಹೋಗುತ್ತೆ. ಆಗ ಸಿಕ್ಕಿದ ಉಪಾಯ ಹೀಗೆ: ಕಂಪನಿ ಕೊಡಲಿ, ಆದರೆ ಯಹೂದಿಗಳಿಗೆ ಸೇರಬೇಕಾದ ದುಡ್ಡು ಸರ್ಕಾರಕ್ಕೆ ಬರಲಿ. ಅಂಗಡಿ ರಿಪೇರಿ ಯಹೂದಿಗಳೇ ಮಾಡಿಸಿಕೊಳ್ಳಲಿ. ಅದರ ಮೇಲೆ ಇಡೀ ಸಮುದಾಯಕ್ಕೆ 100 ಕೋಟಿ ಮಾರ್ಕ್ ದಂಡ. ಮುಂದೆ ಕಂಪನಿಗಳು ಸರ್ಕಾರದ ಜೊತೆ ಚೌಕಾಶಿ ಮಾಡಿ ಆ ಬಾಕಿಯಲ್ಲೂ ಸಣ್ಣ ಭಾಗವನ್ನಷ್ಟೇ ಕಟ್ಟಿದವು.

ನೀವು ಕೇಳಿದ್ದು ಸರ್ಕಾರದ ಮೇಲ್ವಿಚಾರಣೆ ಬಗ್ಗೆ ಅಲ್ವಾ? ಇಲ್ಲಿ ನೋಡಿ, ಮೇಲ್ವಿಚಾರಣೆ ಭರ್ಜರಿಯಾಗಿಯೇ ಇತ್ತು. ಎಲ್ಲ ಕಾಗದ, ಎಲ್ಲ ಅಂಕಿ, ಎಲ್ಲ ಸಹಿ ಇತ್ತು. ಕಣ್ಣಿಟ್ಟು ಕೂತ ಸರ್ಕಾರವೇ ಕಳ್ಳ ಆಗಿತ್ತು ಅಷ್ಟೇ.

ಜೀವವಿಮೆಯದೂ ಹೀಗೇ, ಸ್ವಲ್ಪ ನಿಧಾನವಾಗಿ ಆಯಿತು. 1938ರ ಏಪ್ರಿಲ್‌ನಲ್ಲೇ 5,000 ಮಾರ್ಕ್‌ಗಿಂತ ಜಾಸ್ತಿ ಆಸ್ತಿ ಇರುವ ಯಹೂದಿಗಳೆಲ್ಲ ಅದನ್ನು ಬರೆದುಕೊಡಬೇಕು ಅಂತ ಆದೇಶ ಬಂದಿತ್ತು. ಆ ಫಾರಂನಲ್ಲಿ ವಿಮೆ ಪಾಲಿಸಿಗೂ ಜಾಗ ಇತ್ತು. ದೇಶ ಬಿಟ್ಟು ಓಡುವವರು ಆಸ್ತಿಯ ಕಾಲು ಭಾಗ "ಪಲಾಯನ ತೆರಿಗೆ" ಕಟ್ಟಬೇಕಿತ್ತು. ಕಟ್ಟಲು ದುಡ್ಡಿಲ್ಲದವರು ಪಾಲಿಸಿ ಮುರಿದರು. ಬಂದ ಸರೆಂಡರ್ ಮೊತ್ತ ಅವರ ಕೈಗಲ್ಲ, ಮುಟ್ಟುಗೋಲು ಖಾತೆಗೆ ಹೋಯಿತು. ಉಳಿದವರ ಕತೆ 1941ರ ನವೆಂಬರ್ 25ರಂದು ಮುಗಿಯಿತು. ಅವತ್ತು ಬಂದ ಕಟ್ಟಳೆ ಪ್ರಕಾರ ಜರ್ಮನಿಯ ಗಡಿ ದಾಟಿ ಹೊರಗೆ ನೆಲೆಸಿದ ಯಹೂದಿ ಪೌರತ್ವ ಕಳೆದುಕೊಳ್ಳುತ್ತಾನೆ, ಅವನ ಆಸ್ತಿ ಸರ್ಕಾರದ್ದು. ರೈಲಿಗೆ ತುಂಬಿ ಪೂರ್ವಕ್ಕೆ ಸಾಗಿಸಿದವರೂ "ಹೊರಗೆ ನೆಲೆಸಿದವರು" ಅಂತಲೇ ಲೆಕ್ಕ! ಕಂಪನಿಗಳು ಅಂಥವರ ಪಾಲಿಸಿಗಳನ್ನು ಹುಡುಕಿ ತೆರಿಗೆ ಕಚೇರಿಗೆ ತಿಳಿಸಬೇಕು, ಸರೆಂಡರ್ ಮೊತ್ತ ಅಲ್ಲಿಗೇ ಕಟ್ಟಬೇಕು. ಕಟ್ಟಿದರು. ಲೆಡ್ಜರ್‌ನಲ್ಲಿ ಗೆರೆ ಎಳೆದರು. ಪಾಲಿಸಿ ಮುಗಿಯಿತು.

ಯುದ್ಧ ಆದಮೇಲೆ ಐವತ್ತು ವರ್ಷ ನಡೆದ ಜಗಳದ ಬೇರು ಇಲ್ಲೇ ಇದೆ. "ನಾವು ಕೊಟ್ಟಾಯಿತು" ಅಂದರು ಕಂಪನಿಯವರು. ಕೊಟ್ಟಿದ್ದು ಯಾರಿಗೆ? ಪಾಲಿಸಿದಾರನನ್ನು ಕೊಂದವನಿಗೆ. ಇದನ್ನು ಪಾವತಿ ಅನ್ನಬಹುದಾ? ಕಾನೂನು ಪುಸ್ತಕ ಹಿಡಿದು ವಾದ ಮಾಡುವವರು ಆವತ್ತಿನ ಕಾನೂನೇ ಹಾಗಿತ್ತು ಅನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಇಲ್ಲ. ನಾಮಿನಿ ಅಂತ ಒಂದು ಹೆಸರು ಬರೆದಿರುತ್ತಾರಲ್ಲ, ಅದು ಸುಮ್ನೆ ಬರೆದಿದ್ದಲ್ಲ.

ಅಂದಹಾಗೆ, ಸತ್ತವರಿಗೆ ಸರ್ಕಾರವೇ ವಾರಸುದಾರ ಅನ್ನುವ ಯೋಚನೆ ನಾಜಿಗಳಿಗೇ ಮೊದಲು ಹೊಳೆದದ್ದೇನಲ್ಲ. 1915ರಿಂದ ಒಟ್ಟೊಮನ್ (ತುರ್ಕಿ) ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ಕಗ್ಗೊಲೆ ನಡೆದಾಗ ಅಲ್ಲಿನ ಮಂತ್ರಿ ತಲಾತ್, ಅಮೆರಿಕದ ರಾಯಭಾರಿ ಹೆನ್ರಿ ಮಾರ್ಗೆಂಥೌ ಹತ್ತಿರ ಒಂದು ವಿಚಿತ್ರ ಬೇಡಿಕೆ ಇಟ್ಟ. ಅಮೆರಿಕನ್ ವಿಮಾ ಕಂಪನಿಗಳಿಂದ ಅರ್ಮೇನಿಯನ್ ಪಾಲಿಸಿದಾರರ ಪೂರ್ತಿ ಪಟ್ಟಿ ತರಿಸಿಕೊಡಿ, ಅವರೆಲ್ಲ ಸತ್ತಿದ್ದಾರೆ, ವಾರಸುದಾರರೂ ಇಲ್ಲ, ದುಡ್ಡು ಸರ್ಕಾರಕ್ಕೆ ಸೇರಬೇಕು ಅಂತ. ರಾಯಭಾರಿ ಕೋಪದಿಂದ ನಿರಾಕರಿಸಿ ಎದ್ದುಹೋದದ್ದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆ ಪಾಲಿಸಿಗಳಲ್ಲಿ ಬಾಕಿ ಉಳಿದವಕ್ಕೆ ನ್ಯೂಯಾರ್ಕ್ ಲೈಫ್ ಕಂಪನಿ 2 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2004ರಲ್ಲಿ. ತೊಂಬತ್ತು ವರ್ಷ ಹಿಡಿಯಿತು. ತಲಾತ್ ಕೇಳಿದ್ದು ದುಡ್ಡನ್ನಲ್ಲ, ಪಟ್ಟಿಯನ್ನು. ಪಟ್ಟಿ ಇದ್ದರೆ ದುಡ್ಡು ತಾನಾಗೇ ಬರುತ್ತೆ ಅಂತ ಅವನಿಗೆ ಗೊತ್ತಿತ್ತು.

ಯುದ್ಧದ ನಂತರದ ಭಾಗ ಬೇಗ ಹೇಳಿಬಿಡ್ತೀನಿ. ಪಶ್ಚಿಮ ಜರ್ಮನಿ 1950ರ ದಶಕದಲ್ಲಿ ಪರಿಹಾರ ಕಾಯ್ದೆ ತಂದಿತು, ವಿಮೆಯ ನಷ್ಟಕ್ಕೂ ಅದರಡಿ ಕೆಲವರಿಗೆ ದುಡ್ಡು ಸಿಕ್ಕಿತು. ಆದರೆ 1948ರ ನಾಣ್ಯ ಬದಲಾವಣೆಯಲ್ಲಿ ಹತ್ತು ಹಳೆ ಮಾರ್ಕಿನ ವಿಮೆ ಒಂದು ಹೊಸ ಮಾರ್ಕಿಗೆ ಇಳಿದುಹೋಗಿತ್ತು. ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟ್ ಸರ್ಕಾರಗಳು ವಿಮಾ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದವು. ಜನರಾಲಿಯಂಥವರು "ನಮ್ಮ ಆಸ್ತಿಯನ್ನೂ ಕಿತ್ತುಕೊಂಡರು, ಸಾಲವೂ ಅವರ ತಲೆ ಮೇಲೇ" ಅಂದರು. ನಮ್ಮಲ್ಲೂ 1956ರಲ್ಲಿ 245 ವಿಮಾ ಸಂಸ್ಥೆಗಳನ್ನು ಸೇರಿಸಿ ಎಲ್‌ಐಸಿ ಮಾಡಿದರಲ್ಲ. ಆದರೆ ಇಲ್ಲಿ ಹಳೆ ಪಾಲಿಸಿಗಳ ಹೊಣೆ ಎಲ್‌ಐಸಿ ಹೊತ್ತಿತು, ಸರ್ಕಾರ ಗ್ಯಾರಂಟಿ ಕೊಟ್ಟಿತು. ಪ್ರಾಗ್‌ನಲ್ಲೋ ವಾರ್ಸಾದಲ್ಲೋ ಪಾಲಿಸಿ ಮಾಡಿಸಿದವನ ಮಗನಿಗೆ ಅಂಥ ಬಾಗಿಲೇ ಇರಲಿಲ್ಲ. ಈ ಕಡೆ ಹೋದರೆ ಆ ಕಡೆ ತೋರಿಸಿದರು, ಆ ಕಡೆ ಕಬ್ಬಿಣದ ಪರದೆ, ಅಂದರೆ ಕಮ್ಯುನಿಸ್ಟ್ ದೇಶಗಳ ಮುಚ್ಚಿದ ಗಡಿ.

1989ರಲ್ಲಿ ಆ ಪರದೆ ಕಳಚಿಬಿತ್ತು. 1990ರ ದಶಕದಲ್ಲಿ ದಫ್ತರಗಳು ತೆರೆದವು, ಸತ್ತ ಯಹೂದಿಗಳ ಖಾತೆ ಹಣ ಸ್ವಿಸ್ ಬ್ಯಾಂಕುಗಳಲ್ಲೇ ಉಳಿದುಹೋಗಿದ್ದ ಹಗರಣ ಹೊರಬಂತು. 1997ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಯುರೋಪಿನ ವಿಮಾ ಕಂಪನಿಗಳ ಮೇಲೆ ಸಾಮೂಹಿಕ ದಾವೆ ಬಿತ್ತು. ನೀವು ಕೇಳಿದ ನಿಯಂತ್ರಕರು ಕಣಕ್ಕಿಳಿದದ್ದು ಆಗಲೇ.

ಅಮೆರಿಕದಲ್ಲಿ ಒಂದು ವಿಶೇಷ ಇದೆ. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ. ಅಲ್ಲಿ ವಿಮೆ ಆಯಾ ರಾಜ್ಯದ ವಿಷಯ. ಪ್ರತಿ ರಾಜ್ಯಕ್ಕೂ ಒಬ್ಬ ವಿಮಾ ಕಮಿಷನರ್. ಕೆಲವು ಕಡೆ ಅವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ ಹಾಗೇ. ಊರಿನ ಬದುಕುಳಿದ ಮುದುಕರು ಮನೆ ಬಾಗಿಲಿಗೆ ಬಂದಾಗ "ಇದು ವಿದೇಶಾಂಗ ಇಲಾಖೆ ವಿಷಯ" ಅಂತ ಕಳಿಸಲು ಅವರಿಗೆ ಆಗಲ್ಲ. ಅವರ ಕೈಲಿ ಒಂದು ಅಸ್ತ್ರವೂ ಇತ್ತು, ಲೈಸೆನ್ಸ್. ಅಲಿಯಾನ್ಸ್ ಕ್ಯಾಲಿಫೋರ್ನಿಯಾದ ಫೈರ್‌ಮನ್ಸ್ ಫಂಡ್ ಕಂಪನಿಯನ್ನು ಕೊಂಡಿತ್ತು. ಆಕ್ಸಾ ಕೈಯಲ್ಲಿ ನ್ಯೂಯಾರ್ಕಿನ ಈಕ್ವಿಟಬಲ್ ಇತ್ತು. ಅಂದರೆ ಅಜ್ಜನ ಬಾಕಿ ಯುರೋಪಿನಲ್ಲಿದ್ದರೂ ಮೊಮ್ಮಗನ ಅಂಗಡಿ ಅಮೆರಿಕದಲ್ಲಿತ್ತು. ಅಂಗಡಿ ನಡೆಸಬೇಕಾದರೆ ಕಮಿಷನರ್ ಸಹಿ ಬೇಕು.

ಆ ಒತ್ತಡಕ್ಕೇ 1998ರ ಆಗಸ್ಟ್‌ನಲ್ಲಿ ಒಂದು ಅಂತರರಾಷ್ಟ್ರೀಯ ಆಯೋಗ ಹುಟ್ಟಿತು. ಹೆಸರು ಉದ್ದ: ಇಂಟರ್‌ನ್ಯಾಷನಲ್ ಕಮಿಷನ್ ಆನ್ ಹಾಲೊಕಾಸ್ಟ್ ಎರಾ ಇನ್ಶೂರೆನ್ಸ್ ಕ್ಲೇಮ್ಸ್. ಹಾಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಕಗ್ಗೊಲೆಯ ಕಾಲದ ವಿಮಾ ಕ್ಲೇಮುಗಳ ಆಯೋಗ ಅಂತ. ಬಳಕೆಯಲ್ಲಿ "ಐಚೆಕ್". ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಆಗಿದ್ದ ಲಾರೆನ್ಸ್ ಈಗಲ್‌ಬರ್ಗರ್ ಅಧ್ಯಕ್ಷರು. ಅಮೆರಿಕದ ವಿಮಾ ಕಮಿಷನರುಗಳು, ಯಹೂದಿ ಸಂಘಟನೆಗಳು, ಇಸ್ರೇಲ್ ಸರ್ಕಾರ, ಜೊತೆಗೆ ಅಲಿಯಾನ್ಸ್, ಆಕ್ಸಾ, ಜನರಾಲಿ, ಜ್ಯೂರಿಕ್, ವಿಂಟರ್ಥೂರ್ ಕಂಪನಿಗಳು.

ಇದು ಕೋರ್ಟಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಇಷ್ಟಪಟ್ಟು ಸೇರಿದವರ ಒಪ್ಪಂದ. ಖರ್ಚು ಭರಿಸಿದ್ದು ಕಂಪನಿಗಳೇ. ಪಂಚಾಯ್ತಿ ಕಟ್ಟೆಗೆ ಸಾಲಗಾರನೇ ಚಾಪೆ ಹಾಸಿ, ಕಾಫಿ ತರಿಸಿ, ಪಂಚರ ಭತ್ಯೆಯನ್ನೂ ತಾನೇ ಕೊಟ್ಟ ಹಾಗೆ. ಹಾಗಂತ ಕೆಲಸಕ್ಕೆ ಬಾರದ್ದು ಅನ್ನೋಕಾಗಲ್ಲ. ಒಂದು ಒಳ್ಳೆ ಕೆಲಸ ಮಾಡಿದರು: ಪುರಾವೆಯ ನಿಯಮ ಸಡಿಲಿಸಿದರು. ಪಾಲಿಸಿ ಕಾಗದ ಬೇಕಿಲ್ಲ, ಮರಣ ಪತ್ರ ಬೇಕಿಲ್ಲ, ನಂಬುವಂಥ ಹೇಳಿಕೆ ಇದ್ದರೆ ಪರಿಶೀಲಿಸ್ತೀವಿ ಅಂದರು. ಅರ್ಜಿಗೆ ಶುಲ್ಕ ಇಲ್ಲ. ಮೇಲ್ಮನವಿಗೂ ದಾರಿ ಇತ್ತು. ಕ್ಲೇಮು ವಿಭಾಗದವನಾಗಿ ಹೇಳ್ತೀನಿ, ಇದು ಸಣ್ಣ ಮಾತಲ್ಲ. ನಮ್ಮ ಆಫೀಸಿನಲ್ಲಿ ಒಂದು ಸಹಿ ಹೊಂದಲಿಲ್ಲ ಅಂದರೆ ಫೈಲು ಆರು ತಿಂಗಳು ಮಲಗುತ್ತಿತ್ತು.

ಆದರೆ ಕೆಲಸ ನಿಧಾನ. ಮೊದಮೊದಲ ವರ್ಷಗಳಲ್ಲಿ ಜನರಿಗೆ ಹೋದ ದುಡ್ಡಿಗಿಂತ ಆಯೋಗದ ಸಂಬಳ, ಜಾಹೀರಾತು, ಓಡಾಟದ ಖರ್ಚೇ ಎಷ್ಟೋ ಪಟ್ಟು ಹೆಚ್ಚಾಗಿ ಅಮೆರಿಕದ ಸಂಸತ್ತಿನಲ್ಲೇ ಅದರ ಬಗ್ಗೆ ಕೇಳಿದರು. ಅದಕ್ಕಿಂತ ದೊಡ್ಡ ಗಂಟು ಇನ್ನೊಂದಿತ್ತು. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರಿಗೆ ಕಂಪನಿ ಹೆಸರೇ ಗೊತ್ತಿರಲಿಲ್ಲ. ನಿಮ್ಮಪ್ಪ ಯಾವ ಕಂಪನಿಯಲ್ಲಿ ಪಾಲಿಸಿ ಮಾಡಿಸಿದ್ದರು ಅಂದರೆ ಆರನೇ ವಯಸ್ಸಿನಲ್ಲಿ ಮನೆ ಬಿಟ್ಟ ಮಗು ಏನು ಹೇಳುತ್ತೆ? "ಕಪ್ಪು ಕೋಟಿನವನೊಬ್ಬ ತಿಂಗಳಿಗೊಮ್ಮೆ ಬರ್ತಿದ್ದ" ಅನ್ನಬಹುದು, ಅಷ್ಟೇ. ಹೆಸರು ಇದ್ದದ್ದು ಕಂಪನಿಯ ಲೆಡ್ಜರಿನಲ್ಲಿ. ಲೆಡ್ಜರ್ ತೋರಿಸಿ ಅಂದರೆ ಯುರೋಪಿನ ಖಾಸಗಿತನದ ಕಾನೂನು ಅಡ್ಡ ಬರುತ್ತೆ ಅನ್ನುವ ಉತ್ತರ.

ಇಲ್ಲಿ ಕ್ಯಾಲಿಫೋರ್ನಿಯಾ ಒಂದು ಗಟ್ಟಿ ಹೆಜ್ಜೆ ಇಟ್ಟಿತು. 1999ರಲ್ಲಿ ಕಾಯ್ದೆ ಮಾಡಿ, ನಮ್ಮ ರಾಜ್ಯದಲ್ಲಿ ವ್ಯಾಪಾರ ಮಾಡುವ ಪ್ರತಿ ವಿಮಾ ಕಂಪನಿಯೂ ತಾನು ಅಥವಾ ತನ್ನ ಬಂಧು ಕಂಪನಿ 1920ರಿಂದ 1945ರವರೆಗೆ ಯುರೋಪಿನಲ್ಲಿ ಮಾರಿದ ಪಾಲಿಸಿಗಳ ವಿವರ ಬಹಿರಂಗ ಮಾಡಬೇಕು, ಇಲ್ಲದಿದ್ದರೆ ಲೈಸೆನ್ಸ್ ರದ್ದು ಅಂದಿತು. ದುಡ್ಡು ಕೊಡಿ ಅಂತ ಆ ಕಾಯ್ದೆ ಹೇಳಲಿಲ್ಲ. ಪಟ್ಟಿ ಕೊಡಿ ಅಂತ ಮಾತ್ರ ಹೇಳಿತು. ಕಂಪನಿಗಳು ಕೋರ್ಟಿಗೆ ಓಡಿದವು. ಅಮೆರಿಕದ ಕೇಂದ್ರ ಸರ್ಕಾರವೂ ಕಂಪನಿಗಳ ಕಡೆಗೇ ನಿಂತಿತು. ಕಾರಣ, 2000ನೇ ಇಸವಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಜರ್ಮನಿ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಜರ್ಮನ್ ಸರ್ಕಾರ ಮತ್ತು ಉದ್ಯಮ ಸೇರಿ 1,000 ಕೋಟಿ ಮಾರ್ಕಿನ ನಿಧಿ ಮಾಡುತ್ತವೆ, ವಿಮೆ ವಿಷಯ ಐಚೆಕ್ ಮೂಲಕ ಬಗೆಹರಿಯಲಿ, ಕೋರ್ಟು ಕಚೇರಿ ಬೇಡ ಅನ್ನುವ ಮಾತಾಗಿತ್ತು.

2003ರ ಜೂನ್ 23ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಕಮಿಷನರ್ ಜಾನ್ ಗರಮೆಂಡಿ ಹೆಸರಿನಲ್ಲೇ ಆ ಕೇಸು ಪ್ರಸಿದ್ಧ. ಐದಕ್ಕೆ ನಾಲ್ಕು ಮತಗಳಲ್ಲಿ ಕ್ಯಾಲಿಫೋರ್ನಿಯಾ ಸೋತಿತು. ವಿದೇಶಾಂಗ ನೀತಿ ಅಧ್ಯಕ್ಷರ ಕೆಲಸ, ಅವರು ಮೃದುವಾದ ಕೈಗವಸು ಹಾಕಿಕೊಂಡು ಮಾತಾಡುತ್ತಿರುವಾಗ ರಾಜ್ಯ ಕಬ್ಬಿಣದ ಮುಷ್ಟಿ ಬೀಸುವ ಹಾಗಿಲ್ಲ ಅಂತ ನ್ಯಾಯಮೂರ್ತಿ ಸೌಟರ್ ಬರೆದರು. ಭಿನ್ನಮತ ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್. ಉದಾರವಾದಿ ಸ್ಟೀವನ್ಸ್ ಜೊತೆಗೆ ಸಂಪ್ರದಾಯವಾದಿಗಳಾದ ಸ್ಕಾಲಿಯಾ, ಥಾಮಸ್ ಕೂಡ ಅವರ ಪಕ್ಕ ನಿಂತಿದ್ದರು ಅನ್ನೋದು ಕುತೂಹಲದ ಸಂಗತಿ. ಗಿನ್ಸ್‌ಬರ್ಗ್ ವಾದ ನೇರ: ಮಾಹಿತಿ ಕೊಡಿ ಅನ್ನುವ ಕಾಯ್ದೆಗೆ ಆ ಒಪ್ಪಂದದಲ್ಲಿ ಎಲ್ಲೂ ತಡೆ ಬರೆದಿಲ್ಲವಲ್ಲ? ನನಗೂ ಹಾಗೇ ಅನ್ನಿಸುತ್ತೆ. ಮಾತುಕತೆ ಮೃದುವಾಗಿರಲಿ, ಬೇಡ ಅನ್ನೋರ್ಯಾರು. ಆದರೆ ಬಾಕಿ ಪುಸ್ತಕ ಮೇಜಿನ ಮೇಲೆ ಇಲ್ಲದೆ ನಡೆಯುವ ಮಾತುಕತೆಯಲ್ಲಿ ಒಂದು ಕಡೆಯವರು ಕತ್ತಲಲ್ಲೇ ಕೂತಿರುತ್ತಾರೆ.

ಹಾಗಂತ ಪಟ್ಟಿ ಬರಲೇ ಇಲ್ಲ ಅಂತಲ್ಲ. ಜರ್ಮನ್ ಕಂಪನಿಗಳ ಹಳೆ ಪಾಲಿಸಿಗಳನ್ನು ಜರ್ಮನಿಯಲ್ಲಿದ್ದ ಯಹೂದಿಗಳ ಹೆಸರುಗಳ ಜೊತೆ ತಾಳೆ ನೋಡಿ ಸುಮಾರು 3,60,000 ಹೆಸರು ತೆಗೆದರು. ಬೇರೆ ದೇಶಗಳದ್ದೂ ಸೇರಿ ಐಚೆಕ್ ಪ್ರಕಟಿಸಿದ್ದು ಒಟ್ಟು 5,19,000 ಹೆಸರು. ಇಲ್ಲಿ ತಾರೀಕು ನೋಡಿ. ಆ ದೊಡ್ಡ ಜರ್ಮನ್ ಪಟ್ಟಿ ಹೊರಬಂದದ್ದು 2003ರ ವಸಂತದಲ್ಲಿ. ಅರ್ಜಿ ಹಾಕಲು ಕೊನೆ ದಿನ, ಮುಂದೂಡಿದ ಮೇಲೂ, ಅದೇ ವರ್ಷದ ಡಿಸೆಂಬರ್ 31. ಎಂಬತ್ತು ದಾಟಿದವರು ಇಂಟರ್ನೆಟ್‌ನಲ್ಲಿ ಹೆಸರು ಹುಡುಕಿ, ಅರ್ಜಿ ತುಂಬಿ, ಕಳಿಸೋದಕ್ಕೆ ಕೆಲವೇ ತಿಂಗಳು!

2007ರ ಮಾರ್ಚ್‌ನಲ್ಲಿ ಐಚೆಕ್ ಬಾಗಿಲು ಹಾಕಿತು. ಬಂದ ಅರ್ಜಿ 90,000ಕ್ಕೂ ಹೆಚ್ಚು. ಸುಮಾರು 48,000 ಜನರಿಗೆ ಒಟ್ಟು 30 ಕೋಟಿ 60 ಲಕ್ಷ ಡಾಲರ್. ಕೇಳೋಕೆ ಚೆನ್ನಾಗಿದೆ. ಸ್ವಲ್ಪ ಬಿಡಿಸಿ ನೋಡಿ. ಇವರಲ್ಲಿ 31,000ಕ್ಕೂ ಹೆಚ್ಚು ಜನರಿಗೆ ಸಿಕ್ಕಿದ್ದು ತಲಾ 1,000 ಡಾಲರ್. ಅದಕ್ಕೆ ಅವರಿಟ್ಟ ಹೆಸರು "ಮಾನವೀಯ ನೆರವು". ಅಂದರೆ ನಿಮ್ಮ ಮಾತು ನಂಬ್ತೀವಿ, ಆದರೆ ಪಾಲಿಸಿ ಯಾವ ಕಂಪನಿಯದ್ದು ಅಂತ ಸಿಗಲಿಲ್ಲ, ಇದನ್ನಿಟ್ಟುಕೊಳ್ಳಿ ಅಂತ. ಉಳಿದ ಸುಮಾರು 17,000 ಜನರಿಗೆ ಸರಾಸರಿ ಹದಿನಾರು ಸಾವಿರ ಡಾಲರ್ ಹತ್ತಿರ. ಇದಲ್ಲದೆ ಬದುಕುಳಿದ ಬಡವರ ಆರೈಕೆಗೆ ಅಂತ ಬೇರೆಯಾಗಿ 16 ಕೋಟಿ ಡಾಲರಿಗಿಂತ ಹೆಚ್ಚು ಕೊಟ್ಟರು. ಒಟ್ಟು ಬಾಕಿ ಎಷ್ಟಿತ್ತು ಅನ್ನೋದರ ಬಗ್ಗೆ ಜಗಳ ಮುಗಿದಿಲ್ಲ. ಸಿಡ್ನಿ ಝಬ್ಲುಡಾಫ್ ಅನ್ನುವ ಅರ್ಥಶಾಸ್ತ್ರಜ್ಞರ ಅಂದಾಜು 1,700 ಕೋಟಿ ಡಾಲರ್, ಅದರಲ್ಲಿ ಸಂದಾಯ ಆದದ್ದು ಶೇ. 3ಕ್ಕಿಂತ ಕಡಿಮೆ. ಕಂಪನಿಗಳು ಈ ಲೆಕ್ಕ ಒಪ್ಪುವುದಿಲ್ಲ.

ಕೋರ್ಟಿಗೆ ಹೋಗಲು ಅವಕಾಶ ಕೊಡಿ ಅಂತ ಅಮೆರಿಕದ ಸಂಸತ್ತಿನಲ್ಲಿ 2007ರ ನಂತರ ಮತ್ತೆ ಮತ್ತೆ ಮಸೂದೆ ಮಂಡನೆ ಆಯಿತು. ಪಾಸಾಗಲಿಲ್ಲ. ವಿಚಿತ್ರ ಅಂದರೆ ಯಹೂದಿ ಸಂಘಟನೆಗಳೇ ಎರಡು ಭಾಗ ಆದವು. ಮಾತು ಕೊಟ್ಟು ಮುಗಿಸಿದ್ದನ್ನು ಮತ್ತೆ ಕೆದಕಿದರೆ ಜರ್ಮನಿ ಜೊತೆಗಿನ ಬೇರೆ ಪರಿಹಾರಗಳಿಗೆ ಕಲ್ಲು ಬೀಳುತ್ತೆ ಅಂತ ಒಂದು ಕಡೆಯವರು. ನಮ್ಮ ಹೆಸರಲ್ಲಿ ಮಾತು ಕೊಡೋಕೆ ನೀವ್ಯಾರು ಅಂತ ಬದುಕುಳಿದವರ ಒಂದು ಗುಂಪು. ಎರಡೂ ಮಾತಿಗೆ ತೂಕ ಇದೆ. ನಾನಾಗಿದ್ದರೆ ಎರಡನೆಯವರ ಕಡೆ ಕೂರುತ್ತಿದ್ದೆ.

ಈಗಲೂ ಪೂರ್ತಿ ಮುಚ್ಚಿಲ್ಲ. ನ್ಯೂಯಾರ್ಕ್ ರಾಜ್ಯ 1997ರಲ್ಲಿ ಹಾಲೊಕಾಸ್ಟ್ ಕ್ಲೇಮುಗಳಿಗೆ ಅಂತಲೇ ಒಂದು ಕಚೇರಿ ತೆರೆಯಿತು. ಅಲ್ಲಿನ ಸರ್ಕಾರಿ ನೌಕರರೇ ದಫ್ತರ ಹುಡುಕಿ, ಕಂಪನಿಗೆ ಪತ್ರ ಬರೆದು, ಬೆನ್ನು ಬೀಳುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅರ್ಜಿದಾರ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಆಗುತ್ತೆ. ಐಚೆಕ್‌ನಲ್ಲಿದ್ದ ಕಂಪನಿಗಳೂ ಅದು ಮುಚ್ಚಿದ ಮೇಲೆ ಬರುವ ಅರ್ಜಿಗಳನ್ನು ಸಡಿಲ ನಿಯಮದಲ್ಲೇ ನೋಡ್ತೀವಿ ಅಂತ ಒಪ್ಪಿಕೊಂಡಿದ್ದವು. ಸರ್ಕಾರದ ಮೇಲ್ವಿಚಾರಣೆಯಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಈ ಸಣ್ಣ ಕಚೇರಿಯೇ. ದೊಡ್ಡ ಒಪ್ಪಂದ ಇಲ್ಲ, ಭಾಷಣ ಇಲ್ಲ. ಒಬ್ಬ ಮುದುಕಿಯ ಪರವಾಗಿ ಒಬ್ಬ ಗುಮಾಸ್ತ ಹಳೆ ಆಸ್ತಿ ಫಾರಂ ತಿರುವಿಹಾಕುತ್ತಾನೆ. 1938ರಲ್ಲಿ ದೋಚುವುದಕ್ಕೆ ಅಂತ ತುಂಬಿಸಿಕೊಂಡ ಅದೇ ಫಾರಂ. ಅಪ್ಪನ ಪಾಲಿಸಿ ಇತ್ತು ಅನ್ನೋದಕ್ಕೆ ಎಷ್ಟೋ ಮನೆಗಳಿಗೆ ಉಳಿದಿರುವ ಏಕೈಕ ಪುರಾವೆ ಅದೇ.

ನಮ್ಮಲ್ಲಿ ಹೇಗೆ ಅಂತ ನೀವು ಕೇಳಿಲ್ಲ. ಆದರೂ ಒಂದು ಮಾತು, ಯಾಕೆಂದರೆ ಇದು ನಿಮ್ಮ ಮನೆಗೂ ಬೇಕಾಗಬಹುದು. ಯಾರೂ ಕೇಳದೆ ಉಳಿದ ಪಾಲಿಸಿ ಹಣ 1,000 ರೂಪಾಯಿ ಅಥವಾ ಹೆಚ್ಚಿದ್ದರೆ ಅದರ ವಿವರವನ್ನು ಹುಡುಕಿ ನೋಡುವ ವ್ಯವಸ್ಥೆ ಪ್ರತಿ ವಿಮಾ ಕಂಪನಿಯ ವೆಬ್‌ಸೈಟಿನಲ್ಲೂ ಇರಬೇಕು ಅಂತ ಐಆರ್‌ಡಿಎಐ ನಿಯಮ ಇದೆ. ಎಲ್‌ಐಸಿಯದರಲ್ಲಿ ಪಾಲಿಸಿ ನಂಬರ್ ಗೊತ್ತಿಲ್ಲದಿದ್ದರೂ ಹೆಸರು, ಹುಟ್ಟಿದ ದಿನ ಹಾಕಿ ನೋಡಬಹುದು. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತೆ. ಅಲ್ಲಿಗೆ ಹೋದಮೇಲೂ 25 ವರ್ಷದವರೆಗೆ ವಾರಸುದಾರರು ಕೇಳಿ ಪಡೆಯಬಹುದು. ಅಪ್ಪ ಅಮ್ಮನ ಹಳೆ ಕಾಗದ ಇದ್ದರೆ ಈ ಭಾನುವಾರ ಒಮ್ಮೆ ಹುಡುಕಿ.

ನಿಮ್ಮ ಮಗಳಿಗೂ ಹೇಳಿ. ಆ 5,19,000 ಹೆಸರುಗಳ ಪಟ್ಟಿಯನ್ನು ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ ತನ್ನ ವೆಬ್‌ಸೈಟಿಗೆ ಹಾಕಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ದುಡ್ಡು ಬಾಕಿ ಇದೆ ಅಂತಲ್ಲ. ಕೆಲವರು ಯುದ್ಧಕ್ಕೆ ಮೊದಲೇ ಮುರಿಸಿಕೊಂಡಿದ್ದರು, ಕೆಲವರಿಗೆ ಆಮೇಲೆ ಪರಿಹಾರ ಸಿಕ್ಕಿತ್ತು. ಹೆಸರು ಇದೆ ಅಂದರೆ ಇಷ್ಟು: ಒಂದು ದಿನ ಆ ಮನೆಗೆ ಏಜೆಂಟ್ ಬಂದಿದ್ದ, ಫಾರಂ ತುಂಬಿದ್ದರು, ಕೆಳಗೆ ಸಹಿ ಹಾಕಿದ್ದರು.